ದೇವದರ್ಶನದ ಗುಡಾರ: ಉಪಕರಣಗಳ ಕ್ರೈಸ್ತ ಸಂಕೇತಾರ್ಥ

ಇಸ್ರಾಯೇಲರು ಅರಣ್ಯಪ್ರಯಾಣದಲ್ಲಿ ಹೊತ್ತೊಯ್ಯುತ್ತಿದ್ದ ಆರಾಧನಾ ಗುಡಾರ. ವರ್ಣನೆ ಬೈಬಲ್ಲಿನ ವಿಮೋಚನಕಾಂಡದಲ್ಲಿದೆ (ಅಧ್ಯಾಯ 25–40). ಇದರ ಉಪಕರಣಗಳನ್ನು ಕ್ರೈಸ್ತ ವ್ಯಾಖ್ಯಾನಕಾರರು ಯೇಸುವಿನ ಮುನ್ಸೂಚನೆಗಳೆಂದು ಓದುತ್ತಾರೆ. ಅಂಗಳದ ಬಲಿಪೀಠ ಶಿಲುಬೆಯನ್ನು, ತಾಮ್ರದ ತೊಟ್ಟಿ ದೀಕ್ಷಾಸ್ನಾನವನ್ನು, ಏಳು ಹಣತೆಗಳ ದೀಪಸ್ತಂಭ ಲೋಕದ ಬೆಳಕಾದ ಕ್ರಿಸ್ತನನ್ನು, 12 ರೊಟ್ಟಿಗಳ ಮೇಜು ಪರಮಪ್ರಸಾದವನ್ನು, ಧೂಪವೇದಿ ಪ್ರಾರ್ಥನೆಯನ್ನು ಸೂಚಿಸುತ್ತವೆ. ಗುಡಾರದ ಅತ್ಯಂತ ಒಳಕೋಣೆಯಾದ ಮಹಾಪವಿತ್ರಸ್ಥಾನದಲ್ಲಿ ಎರಡೂವರೆ ಮೊಳ ಉದ್ದದ ಒಡಂಬಡಿಕೆಯ ಮಂಜೂಷ, ಅದರ ಮೇಲೆ ಕೃಪಾಸನವೆಂಬ ಮುಚ್ಚಳ. ಮುಂದಿನ ತೆರೆಯನ್ನು ಇಬ್ರಿಯರಿಗೆ ಬರೆದ ಪತ್ರಿಕೆ (10:20) ಕ್ರಿಸ್ತನ ದೇಹವೆನ್ನುತ್ತದೆ.

ಈ ಸಂಕೇತ ಚರ್ಚುಗಳ ವಿನ್ಯಾಸದಲ್ಲೂ ಕಾಣುತ್ತದೆ: ಕೇರಳ ಮೂಲದ ಪೂರ್ವ ಕ್ಯಾಥೊಲಿಕ್ ಸಭೆಯಾದ ಸಿರೋ-ಮಲಬಾರ್ ಸಭೆಯ ಹಲವು ಚರ್ಚುಗಳು ಬಲಿಪೀಠವಿರುವ ‘ಮದ್ಬಹ’ವನ್ನು ಮಹಾಪವಿತ್ರಸ್ಥಾನವೆಂದು ಭಾವಿಸಿ ಅದರ ಮುಂದೆ ತೆರೆ ಇಳಿಬಿಡುತ್ತವೆ.