ಮನೆಯ ಗ್ಯಾರೇಜಿನ ಭದ್ರತೆ (ಬೀದರ್ ಜಿಲ್ಲೆ)

ಮನೆಯ ಗ್ಯಾರೇಜಿನ ಭದ್ರತೆ ಎಂದರೆ ಮನೆಗೆ ಹೊಂದಿಕೊಂಡಿರುವ ಅಥವಾ ಮನೆಯ ಆವರಣದಲ್ಲಿರುವ ವಾಹನದ ಕೋಣೆಯನ್ನು ಕಳ್ಳರಿಂದ ಕಾಪಾಡಲು ಕೈಗೊಳ್ಳುವ ಕ್ರಮಗಳು. ಆಡುಮಾತಿನಲ್ಲಿ ‘ಗ್ಯಾರೇಜು’ ಎಂಬುದು ವಾಹನ ದುರಸ್ತಿಯ ಅಂಗಡಿಗೆ ಸಲ್ಲುವುದೇ ಹೆಚ್ಚು; ಮನೆಯ ಗ್ಯಾರೇಜನ್ನು ಸಾಮಾನ್ಯವಾಗಿ ‘ಶೆಡ್ಡು’ ಎನ್ನುತ್ತಾರೆ. ಕರ್ನಾಟಕದ ಉತ್ತರ ತುದಿಯ ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ಗಳಲ್ಲಿ ರಾಜ್ಯದ ಗಡಿ ಸಮೀಪವಿರುವುದರಿಂದ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ.

ಗಡಿ ಮತ್ತು ಕಾಲಾವಕಾಶ

ಬೀದರ್ ಜಿಲ್ಲೆಯು ತೆಲಂಗಾಣ ಮತ್ತು ಮಹಾರಾಷ್ಟ್ರಗಳ ಗಡಿಗೆ ಹೊಂದಿಕೊಂಡಿದೆ. ಬೀದರ್ ನಗರದಿಂದ ತೆಲಂಗಾಣದ ಜಹೀರಾಬಾದ್ ಸುಮಾರು 30 ಕಿ.ಮೀ. ದೂರದಲ್ಲಿದೆ. ಭಾಲ್ಕಿಯಿಂದ ಉದಗೀರಕ್ಕೂ ಔರಾದ್‌ನಿಂದ ದೇಗಲೂರಿಗೂ ರಸ್ತೆಗಳಿವೆ. ರಾತ್ರಿ ಕದ್ದ ವಾಹನವು ಮಾಲೀಕನು ಎಚ್ಚರಗೊಳ್ಳುವ ಮೊದಲೇ ಬೇರೊಂದು ರಾಜ್ಯದ ಪೊಲೀಸ್ ವ್ಯಾಪ್ತಿಯನ್ನು ಸೇರಬಹುದು. ಆದುದರಿಂದ ಕಳ್ಳನನ್ನು ಬಾಗಿಲಲ್ಲಿಯೇ ತಡೆದು, ಅವನ ಕೆಲಸವನ್ನು ನಿಧಾನಗೊಳಿಸುವುದು ಮುಖ್ಯವಾಗುತ್ತದೆ.

ಮನೆಗಳ ಸ್ವರೂಪ

ಬೀದರಿನ ಹಳೆಯ ನಗರದ ಕಿರಿದಾದ ಗಲ್ಲಿಗಳ ಅನೇಕ ಮನೆಗಳಿಗೆ ಶೆಡ್ಡು ಇಲ್ಲದೆ ದ್ವಿಚಕ್ರ ವಾಹನಗಳು ಹೊರಗೇ ನಿಲ್ಲುತ್ತವೆ. ಹೊಸ ಬಡಾವಣೆಗಳಲ್ಲಿ ಕಬ್ಬಿಣದ ಶಟರ್ ಅಥವಾ ಗೇಟು ಇರುವ ಶೆಡ್ಡುಗಳು ಸಾಮಾನ್ಯ. ಭಾಲ್ಕಿ ಹಾಗೂ ಔರಾದ್‌ನ ಹಳ್ಳಿಗಳಲ್ಲಿ ಮೋಟಾರ್ ಸೈಕಲ್, ಟ್ರ್ಯಾಕ್ಟರ್, ಪಂಪ್‌ಸೆಟ್ ಮೊದಲಾದವುಗಳನ್ನು ದನದ ಕೊಟ್ಟಿಗೆಯಲ್ಲಿ ಇಡುವುದುಂಟು. ಬೇಸಿಗೆಯಲ್ಲಿ ಮನೆಮಂದಿ ಮಾಳಿಗೆಯ ಮೇಲೆ ಮಲಗುವುದರಿಂದ ಕೆಳಗಿನ ಅಂಗಳ ಕಾವಲಿಲ್ಲದೆ ಉಳಿಯುತ್ತದೆ.

ಬಾಗಿಲು ಮತ್ತು ಬೀಗ

ಶಟರಿನ ನಡುವೆ ಮಾತ್ರ ಬೀಗವಿದ್ದರೆ ಅದರ ಒಂದು ಬದಿಯನ್ನು ಹಾರೆಯಿಂದ ಮೀಟಬಹುದು. ಎರಡೂ ಬದಿಗಳಲ್ಲಿ, ನೆಲಕ್ಕೆ ಸಮೀಪವಾಗಿ ಬೀಗ ಹಾಕಿದರೆ ಈ ಅಪಾಯ ಕಡಿಮೆಯಾಗುತ್ತದೆ. ಕೊಂಡಿಯ ಬಹುಭಾಗ ಮುಚ್ಚಿರುವ ಗಟ್ಟಿ ಉಕ್ಕಿನ ಬೀಗವನ್ನು ಕತ್ತರಿಸುವುದು ಕಷ್ಟ. ಚಿಲಕವನ್ನು ಹೊರಗಿನಿಂದ ಬಿಚ್ಚಬಹುದಾದ ಸ್ಕ್ರೂಗಳ ಬದಲು, ನಟ್ಟು ಒಳಬದಿಗೆ ಬರುವ ಬೋಲ್ಟುಗಳಿಂದ ಕೂರಿಸಬೇಕು. ಬೀದರಿನಲ್ಲಿ ಬಳಕೆಯಲ್ಲಿರುವ ಜಂಬಿಟ್ಟಿಗೆ ಕಲ್ಲು ರಂಧ್ರಗಳಿಂದ ಕೂಡಿರುವುದರಿಂದ ಮೊಳೆಯ ಹಿಡಿತ ಸಡಿಲಗೊಳ್ಳಬಹುದು. ಅಂತಹ ಗೋಡೆಯಲ್ಲಿ ಚೌಕಟ್ಟನ್ನು ಕಾಂಕ್ರೀಟಿನಲ್ಲಿ ಕೂರಿಸುವುದು ಸೂಕ್ತ.

ಶೆಡ್ಡಿನಿಂದ ಮನೆಯೊಳಗೆ ತೆರೆಯುವ ಬಾಗಿಲು ತಲೆಬಾಗಿಲಿನಷ್ಟೇ ಗಟ್ಟಿಯಾಗಿರಬೇಕು. ಶೆಡ್ಡನ್ನು ಹೊಕ್ಕ ಕಳ್ಳನು ಅಲ್ಲಿ ಯಾರಿಗೂ ಕಾಣದೆ ಈ ಎರಡನೆಯ ಬಾಗಿಲನ್ನು ಒಡೆಯಲು ಸಾಧ್ಯ. ಏಣಿ, ಹಾರೆ, ಗುದ್ದಲಿಗಳನ್ನು ಹೊರಗೆ ಬಿಟ್ಟರೆ ಅವೇ ಕಳ್ಳನ ಸಲಕರಣೆಗಳಾಗುತ್ತವೆ. ಆದರೆ ಬೆಂಕಿ ಬಿದ್ದಾಗ ಹೊರಬರಲು ಅಡ್ಡಿಯಾಗದಂತೆ, ಒಳಗಿನವರು ಕೀಲಿಗಾಗಿ ಹುಡುಕದೆ ತೆರೆಯಬಹುದಾದ ಒಂದು ದಾರಿಯಾದರೂ ಇರಬೇಕು.

ವಾಹನ ಮತ್ತು ಬೆಳಕು

ದ್ವಿಚಕ್ರ ವಾಹನದ ಹ್ಯಾಂಡಲ್ ಲಾಕನ್ನು ಬಲವಾಗಿ ತಿರುಗಿಸಿ ಮುರಿಯಬಹುದಾದುದರಿಂದ, ನೆಲದಲ್ಲಿ ಹೂತ ಉಕ್ಕಿನ ಬಳೆಗೆ ಚಕ್ರವನ್ನು ಸರಪಳಿಯಿಂದ ಬಿಗಿಯುವುದು ಹೆಚ್ಚು ಭದ್ರ. ಕೀಲಿಯನ್ನು ವಾಹನದಲ್ಲಿಯಾಗಲಿ, ಬಾಗಿಲ ಬಳಿಯ ಮೊಳೆಯಲ್ಲಿಯಾಗಲಿ ಬಿಡಬಾರದು. ಚಲನೆಗೆ ಹೊತ್ತಿಕೊಳ್ಳುವ ದೀಪ ಉಪಯುಕ್ತ. ಸಿಸಿಟಿವಿ ಕ್ಯಾಮೆರಾವನ್ನು ಇನ್‌ವರ್ಟರಿಗೆ ಜೋಡಿಸದಿದ್ದರೆ ವಿದ್ಯುತ್ ಹೋದಾಗ ಅದು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಸಾಕ್ಷ್ಯ ಒದಗಿಸಬಲ್ಲದೇ ಹೊರತು ಬೀಗದ ಸ್ಥಾನವನ್ನು ತುಂಬಲಾರದು.

ಕಾನೂನು ಮತ್ತು ವಿಮೆ

1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ, ವಾಸದ ಮನೆ ಅಥವಾ ಸ್ವತ್ತು ಕಾಪಿಡುವ ಕಟ್ಟಡದಲ್ಲಿ ನಡೆಯುವ ಕಳ್ಳತನಕ್ಕೆ 7 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಕಳ್ಳತನ ತಿಳಿದ ಕೂಡಲೇ 112ಕ್ಕೆ ಕರೆ ಮಾಡಿ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು. ನೋಂದಣಿ ಸಂಖ್ಯೆಯ ಫಲಕವನ್ನು (ಬೀದರಿಗೆ ಕೆಎ-38, ಭಾಲ್ಕಿಗೆ ಕೆಎ-39) ಕಳ್ಳರು ಬದಲಾಯಿಸಬಹುದು. ಆದ್ದರಿಂದ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಅಗತ್ಯ.

ಕಾನೂನಿನಂತೆ ಕಡ್ಡಾಯವಾದ ಮೂರನೆಯ ವ್ಯಕ್ತಿಯ ವಿಮೆಯು ವಾಹನದ ಕಳವಿಗೆ ಪರಿಹಾರ ನೀಡುವುದಿಲ್ಲ. ಅದಕ್ಕೆ ಸಮಗ್ರ ವಿಮೆ ಬೇಕಾಗುತ್ತದೆ. ಪೊಲೀಸರಿಗೆ ತಕ್ಷಣ ದೂರು ನೀಡಿದ್ದರೆ, ವಿಮಾ ಸಂಸ್ಥೆಗೆ ತಿಳಿಸಲು ವಿಳಂಬವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕಳವಿನ ಪರಿಹಾರವನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ನೀಡಿದೆ.