ಜಪಾನಿನ ಕಡಲನಕ್ಷೆ ಮತ್ತು ಪರದೇಶದ ಪಾಠ

ಭೂಪಟ ನೋಡಿ ರೂಢಿಯಾದವರಿಗೆ ಕಡಲನಕ್ಷೆ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ನೆಲದ ಭಾಗ ಬಹುಮಟ್ಟಿಗೆ ಬರಿದು. ನೀರಿನ ಭಾಗದಲ್ಲಿ ಇರುವೆಸಾಲಿನಂತೆ ಅಂಕಿಗಳು. ಒಂದೊಂದು ಅಂಕಿಯೂ ಆ ಸ್ಥಳದ ಆಳ. ಅಂಕಿ ತಪ್ಪಿದರೆ ಹಡಗಿನ ತಳಕ್ಕೆ ಬಂಡೆ ತಗಲೀತು. ಇಂಥ ನಕ್ಷೆ ಬರೆಯುವ ವಿದ್ಯೆ ಒಂದು ದೇಶದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ, ಪರರಿಂದ ಕಲಿತವನ ಬಾಳನ್ನು ಅದು ಹೇಗೆ ತಿದ್ದುತ್ತದೆ ಎಂಬುದಕ್ಕೆ ಜಪಾನಿನ ಯಾನಗಿ ನರಯೋಶಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಯಾನಗಿ ಹುಟ್ಟಿದ್ದು 1832ರಲ್ಲಿ, ಈಗ ಟೋಕಿಯೋ ಎನಿಸಿಕೊಂಡಿರುವ ಎಡೊ ನಗರದಲ್ಲಿ. ತ್ಸು ಸಂಸ್ಥಾನದ ಸೇವೆಯಲ್ಲಿದ್ದ ಮನೆತನ. ಎಳೆಯ ವಯಸ್ಸಿನಲ್ಲಿ ಆತ ಕಲಿತದ್ದು ‘ವಾಸಾನ್’ ಎಂಬ ದೇಶೀ ಗಣಿತ. ಆಗಿನ ಜಪಾನ್ ಬಾಗಿಲು ಹಾಕಿಕೊಂಡು ಕುಳಿತ ದೇಶ. ಯೂರೋಪಿಯನ್ನರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯಲ್ಲಿ ಒಂದಿಷ್ಟು ಜಾಗ. 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ಆ ಬಾಗಿಲನ್ನು ತಟ್ಟಿದವು. ಎಚ್ಚೆತ್ತ ಸರ್ಕಾರ 1855ರಲ್ಲಿ ನಾಗಸಾಕಿಯಲ್ಲಿ ನೌಕಾಶಾಲೆಯೊಂದನ್ನು ತೆರೆದು ಡಚ್ ಅಧಿಕಾರಿಗಳನ್ನು ಗುರುಗಳನ್ನಾಗಿ ನೇಮಿಸಿತು. ಡಚ್ ದೊರೆ ಕಾಣಿಕೆ ಕೊಟ್ಟ ಉಗಿಹಡಗೇ ಅಭ್ಯಾಸದ ಹಡಗು. ತನ್ನ ಸಂಸ್ಥಾನದ ಪರವಾಗಿ ಯಾನಗಿ ಅಲ್ಲಿಗೆ ಹೋದ. ದುಭಾಷಿಗಳ ಬಾಯಿಂದ ಬಂದ ಪಾಠವನ್ನು ಕಲಿಯಬೇಕಾಗಿತ್ತು. ಆದರೆ ಗಣಿತ ಆತನಿಗೆ ಹೊಸದಲ್ಲ. ದೇವಾಲಯಕ್ಕೆ ಹರಕೆಯಾಗಿ ವೃತ್ತ ತ್ರಿಕೋಣಗಳ ಸಮಸ್ಯೆಗಳನ್ನು ಹಲಗೆಯ ಮೇಲೆ ಬರೆದು ಒಪ್ಪಿಸುತ್ತಿದ್ದ ನಾಡು ಅದು. ಅದೇ ತ್ರಿಕೋಣದಿಂದ ನಡುನೀರಿನಲ್ಲಿ ಹಡಗು ಎಲ್ಲಿದೆ ಎಂದು ಹೇಳಬಹುದೆಂಬುದು ಡಚ್ಚರು ಕಲಿಸಿದ ಪಾಠ.

ಜಪಾನೀಯರಿಗೆ ನಕ್ಷೆ ಬರೆಯಲು ಬರುತ್ತಿರಲಿಲ್ಲವೆಂದು ಭಾವಿಸಬಾರದು. ಇನೋ ತದತಕ ಎಂಬಾತ 1800ರಿಂದ ಹಲವು ವರ್ಷ ಕಡಲ ತೀರವನ್ನು ಅಳೆದು ಬರೆದ ನಕ್ಷೆ, ಆತ ತೀರಿಕೊಂಡ ಮೇಲೆ 1821ರಲ್ಲಿ ಪೂರ್ಣವಾಗಿತ್ತು. 1861ರಲ್ಲಿ ಸರ್ವೆಗೆಂದು ಬಂದ ‘ಆಕ್ಟಿಯಾನ್’ ಹಡಗಿನ ಬ್ರಿಟಿಷರು ಅದನ್ನು ನೋಡಿ ಬೆರಗಾದರು. ತೀರದ ರೇಖೆಯನ್ನು ಅದರಿಂದ ತೆಗೆದುಕೊಂಡು, ತಾವು ಅಳೆದ ಆಳಗಳನ್ನು ಸೇರಿಸಿದರು. 1863ರಲ್ಲಿ ಆ ನಕ್ಷೆ ಲಂಡನ್ನಿನಲ್ಲಿ ಅಚ್ಚಾಯಿತು. ನೆಲದ ಅಂಚು ಜಪಾನೀಯರದು, ನೀರಿನ ಆಳ ಪರರದು!

ಯಾನಗಿಯ ಎರಡನೆಯ ಪಾಠಶಾಲೆ ಕಡಲೇ. 1870ರಲ್ಲಿ ‘ಸಿಲ್ವಿಯಾ’ ಎಂಬ ಬ್ರಿಟಿಷ್ ಸರ್ವೆ ಹಡಗಿನ ಜೊತೆಯಲ್ಲಿ ಜಪಾನೀ ಹಡಗೊಂದು ಹೊರಟಿತು. ಅದರಲ್ಲಿ ಯಾನಗಿ ಇದ್ದ. ಕೆಲಸ ಕೇಳಲು ಸುಲಭ. ಗುರುತು ಕಟ್ಟಿದ ಹಗ್ಗದ ತುದಿಗೆ ಸೀಸದ ಗುಂಡು. ಗುಂಡಿನ ತಳದ ಕುಳಿಯಲ್ಲಿ ಕೊಬ್ಬು. ಗುಂಡು ತಳ ಮುಟ್ಟಿದಾಗ ಆಳ ಎಷ್ಟು ಮಾರು ಎಂಬುದನ್ನು ಹಗ್ಗ ಹೇಳುತ್ತದೆ, ತಳದಲ್ಲಿ ಮರಳೋ ಕೆಸರೋ ಎಂಬುದನ್ನು ಕೊಬ್ಬಿಗೆ ಅಂಟಿದ್ದು ಹೇಳುತ್ತದೆ. ಅದೇ ಕ್ಷಣದಲ್ಲಿ ದಡದ ಮೂರು ಗುರುತುಗಳ ನಡುವಣ ಎರಡು ಕೋನಗಳನ್ನು ಸೆಕ್ಸ್ಟೆಂಟಿನಿಂದ ಅಳೆದರೆ ದೋಣಿ ನಿಂತ ಸ್ಥಳ ಸಿಕ್ಕಿತು. ಉಬ್ಬರವಿಳಿತದ ಲೆಕ್ಕ ಹಿಡಿದು ಆಳವನ್ನು ತಿದ್ದಿದ ಮೇಲೆ ಒಂದು ಅಂಕಿ ಮುಗಿಯಿತು. ಇಂಥ ಸಾವಿರಾರು ಅಂಕಿಗಳು ಸೇರಿ ಒಂದು ಹಾಳೆ. ಪುಸ್ತಕದಿಂದ ಬರುವ ವಿದ್ಯೆ ಇದಲ್ಲ; ಬಲ್ಲವರ ಪಕ್ಕದಲ್ಲಿ ನಿಂತು ಕೈ ಪಳಗಬೇಕು.

1871ರಲ್ಲಿ ನೌಕಾಪಡೆಯ ಕಡಲ ಸರ್ವೆ ಕಚೇರಿ ಹುಟ್ಟಿತು. ಅದರ ಹೊಣೆ ಯಾನಗಿಯ ಮೇಲೆ ಬಿತ್ತು. ಅದೇ ವರ್ಷ ‘ಕಸುಗ’ ಹಡಗಿನಲ್ಲಿ, ‘ಸಿಲ್ವಿಯಾ’ದ ಜೊತೆಗೆ, ಹೊಕ್ಕೈದೊ ತೀರದ ಸರ್ವೆ ನಡೆಯಿತು. ಹಿಂದಿರುಗುವಾಗ ಕಮಾಯಿಶಿ ಬಂದರನ್ನು ಅಳೆದರು. 1872ರಲ್ಲಿ ಹೊರಬಂದ ಆ ಬಂದರಿನ ನಕ್ಷೆಯೇ ಜಪಾನಿನ ಕಡಲನಕ್ಷೆಗಳಲ್ಲಿ ಒಂದನೆಯ ನಂಬರಿನದು.

ಇಲ್ಲಿ ಯಾನಗಿ ಕೈಗೊಂಡ ನಿರ್ಧಾರ ಗಮನಾರ್ಹ. ದೀಪಸ್ತಂಭಗಳನ್ನು ಕಟ್ಟಲು ಸರ್ಕಾರ 1868ರಲ್ಲೇ ಸ್ಕಾಟ್ಲೆಂಡಿನ ಎಂಜಿನಿಯರ್ ಬ್ರಂಟನ್‌ನನ್ನು ಕರೆಸಿತ್ತು. ಕಡಲ ಸರ್ವೆಗೆ ಮಾತ್ರ ಪರದೇಶೀಯರನ್ನು ಸಂಬಳಕ್ಕೆ ಇಡಕೂಡದು, ಅವರ ವಿದ್ಯೆಯಲ್ಲಿ ಬೇಕಾದದ್ದನ್ನು ಆರಿಸಿಕೊಂಡು ಕೆಲಸವನ್ನು ನಾವೇ ಮಾಡಬೇಕು ಎಂದು ಯಾನಗಿ ಹಟ ಹಿಡಿದ. ಇದನ್ನು ಸ್ವಾಭಿಮಾನವೆನ್ನಬಹುದು, ನನಗೆ ಇದು ಲೆಕ್ಕ ಬಲ್ಲವನ ವಿವೇಕವಾಗಿ ಕಾಣುತ್ತದೆ. ದೀಪಸ್ತಂಭ ಒಮ್ಮೆ ಕಟ್ಟಿದರೆ ನಿಂತೀತು. ಕಡಲ ತಳ ನಿಲ್ಲುವುದಿಲ್ಲ. ಮರಳು ಸರಿಯುತ್ತದೆ, ಹೊಳೆ ಹೂಳು ತರುತ್ತದೆ, ಅಳೆದದ್ದನ್ನೇ ಮತ್ತೆ ಅಳೆಯಬೇಕು. ಇಲ್ಲಿ ಬಾಡಿಗೆಯ ಕೈ ಹಿಡಿದವನು ಅದನ್ನು ಎಂದಿಗೂ ಬಿಡಲಾರ. ಈ ಹಟಕ್ಕೆ ಬೆಲೆಯೂ ಇತ್ತು: ಕೆಲಸ ನಿಧಾನವಾಯಿತು, ಅನಂತರವೂ ಹಲವು ವರ್ಷ ‘ಸಿಲ್ವಿಯಾ’ ಜಪಾನಿನ ತೀರವನ್ನು ಅಳೆಯುತ್ತಲೇ ಇತ್ತು.

ಕಲಿತ ವಿದ್ಯೆಗೆ ಇನ್ನೊಂದು ಮುಖವೂ ಉಂಟು. 1875ರಲ್ಲಿ ಸರ್ವೆಯ ನೆಪದಿಂದ ಕೊರಿಯದ ಕಡಲಿಗೆ ಹೋದ ಜಪಾನೀ ಯುದ್ಧನೌಕೆ ‘ಉನ್ಯೊ’ ಗಂಗ್‌ಹ್ವಾ ದ್ವೀಪದ ಬಳಿ ಗುಂಡಿನ ಕಾಳಗಕ್ಕೆ ಕಾರಣವಾಯಿತು. 1876ರಲ್ಲಿ ಕೊರಿಯದ ಮೇಲೆ ಹೇರಿದ ಒಪ್ಪಂದದಲ್ಲಿ, ಆ ದೇಶದ ತೀರವನ್ನು ಅಳೆಯುವ ಹಕ್ಕನ್ನೂ ಜಪಾನ್ ಬರೆಸಿಕೊಂಡಿತು. ತನ್ನ ನೀರನ್ನು ಪರರು ಅಳೆದಾಗ ಕಳವಳಪಟ್ಟ ದೇಶ ಹದಿನೈದೇ ವರ್ಷದಲ್ಲಿ ನೆರೆಯವರ ನೀರಿಗೆ ಗುಂಡು ಇಳಿಬಿಟ್ಟಿತು. ಈ ಪುಟವನ್ನು ಬಿಟ್ಟು ಯಾನಗಿಯ ಕಾಲದ ಕಥೆ ಹೇಳುವುದು ನ್ಯಾಯವಲ್ಲ.

ಯಾನಗಿ 1888ರಲ್ಲಿ ಆ ಹುದ್ದೆಯನ್ನು ಬಿಟ್ಟು 1891ರಲ್ಲಿ ತೀರಿಕೊಂಡ. 1921ರಲ್ಲಿ ಮೊನಾಕೊದಲ್ಲಿ ಅಂತರರಾಷ್ಟ್ರೀಯ ಕಡಲ ಸರ್ವೆ ಕಚೇರಿ ಸ್ಥಾಪನೆಯಾದಾಗ ಜಪಾನ್ ಸ್ಥಾಪಕ ಸದಸ್ಯರಲ್ಲೊಂದು. ನಮ್ಮ ಕಾರವಾರಕ್ಕೆ ಸಮೀಪವಾದ ಗೋವದ ವಾಸ್ಕೊದಲ್ಲೂ ಪರದೇಶದ ಅಧಿಕಾರಿಗಳಿಗೆ ಈ ವಿದ್ಯೆ ಕಲಿಸುವ ಭಾರತೀಯ ಸಂಸ್ಥೆಯಿದೆ. ಇಂಗ್ಲೆಂಡಿನ ಟಾಂಟನ್ ಊರಿನಲ್ಲಿ, ಬ್ರಿಟಿಷ್ ಕಡಲನಕ್ಷೆ ಕಚೇರಿಯಲ್ಲಿ, ಬೇರೆ ಬೇರೆ ದೇಶಗಳ ತರುಣರಿಗೆ ನಕ್ಷೆ ಬರೆಯುವುದನ್ನು ಕಲಿಸುವ ಯೋಜನೆಯೊಂದು 2009ರಲ್ಲಿ ಆರಂಭವಾಯಿತು. ಅದಕ್ಕೆ ಹಣ ಕೊಟ್ಟದ್ದು ಜಪಾನಿನ ನಿಪ್ಪಾನ್ ಪ್ರತಿಷ್ಠಾನ. ‘ಸಿಲ್ವಿಯಾ’ ಹಡಗಿನವರಿಗೆ ಸಲ್ಲಬೇಕಾದ ಗುರುದಕ್ಷಿಣೆ ಬೇರೆ ಶಿಷ್ಯರ ಪಾಲಿಗೆ ಸಂದಿತು. ಆ ತರುಣರು ಊರಿಗೆ ಮರಳಿ ತಮ್ಮ ಬಂದರನ್ನು ತಾವೇ ಅಳೆದರೆ ಯಾನಗಿಯ ಹಟ ಅವರಿಗೂ ಅರ್ಥವಾದೀತು.