ಕಿಲಿಫಿಯ ಹುಡುಗಿಯರ ಮೈದಾನ

1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಫ್ರಿಕಾದ ಒಂದೇ ತಂಡವಿತ್ತು: ನೈಜೀರಿಯಾ.

ಕೆನ್ಯಾ ಕರಾವಳಿಯ ಕಿಲಿಫಿಯ ಹಳ್ಳಿಗಳಲ್ಲಿ ಮೈದಾನ ಆಗಿನ್ನೂ ಹುಡುಗರದ್ದೇ. ನೀರು ಹೊತ್ತು, ಸೌದೆ ತಂದು, ಒಡಹುಟ್ಟಿದವರನ್ನು ನೋಡಿಕೊಳ್ಳುವ ಹುಡುಗಿಗೆ ಆಟದ ಬಿಡುವೆಲ್ಲಿ? ಅನೇಕರ ಓದು ಮದುವೆಗೋ ಬಸಿರಿಗೋ ನಿಂತುಹೋಗುತ್ತಿತ್ತು.

2000ರ ದಶಕದ ಆರಂಭದಲ್ಲಿ ಸಾರಾ ಫೋರ್ಡ್ ಅಲ್ಲಿ ಹುಡುಗಿಯರ ಫುಟ್‌ಬಾಲ್‌ಗಾಗಿ ‘ಮೂವಿಂಗ್ ದ ಗೋಲ್‌ಪೋಸ್ಟ್ಸ್’ ಸಂಸ್ಥೆ ಕಟ್ಟಿದರು. ಚೆಂಡು ಹಂಚಿ ಕೈತೊಳೆದುಕೊಳ್ಳುವ ದಾನವಲ್ಲ ಅದು. ತರಬೇತಿ, ರೆಫರಿಗಿರಿ, ಪ್ರಥಮ ಚಿಕಿತ್ಸೆ, ಲೀಗ್ ನಡೆಸುವ ಹೊಣೆ ಎಲ್ಲವನ್ನೂ ಹುಡುಗಿಯರೇ ಕಲಿತರು. ಜೊತೆಗೆ ಎಚ್‌ಐವಿ, ಲೈಂಗಿಕ ಆರೋಗ್ಯದ ಮಾತೂ ಮೈದಾನಕ್ಕೆ ಬಂತು. ಆಟಗಾರ್ತಿಯರ ಬದುಕನ್ನು ಫೋರ್ಡ್ 2008ರಲ್ಲಿ ಪುಸ್ತಕವಾಗಿಸಿದರು.

ಹುಡುಗಿಯರ ತಂಡಕ್ಕೆ ನೆರವಾಗಬಯಸುವವರು ಚೆಂಡಿನ ಜೊತೆ ಸೀಟಿಯನ್ನೂ ಅವರ ಕೈಗೇ ಕೊಡಲಿ.